ಬಾಯ್ತುಂಬ ಗುಂಡುಸೂಜಿ

ಬೆಳಿಗ್ಗೆ ಟೈಲರಿಗೆ ಬಂದ ಆಕಳಿಕೆ ಅರ್ಧಕ್ಕೇ ನಿಂತಿತು. ಕಿವಿಯ ಬುಡದಲ್ಲಿ ‘ಟಕ್’ ಎಂದು ಸದ್ದಾಗಿ, ದವಡೆ ತುಕ್ಕು ಹಿಡಿದ ಬಾಗಿಲಿನಂತೆ ಅಲ್ಲೇ ಕಚ್ಚಿಕೊಂಡಿತು. ನೋವು ಹಳೆಯದೇ, ಆದರೆ ಇವತ್ತು ಚಹಾ ಕುಡಿಯಲೂ ಬಿಡಲಿಲ್ಲ.

“ರೀ, ಡಾಕ್ಟ್ರ ಹತ್ರ ಹೋಗಿ ಅಂತ ಎಷ್ಟು ಸಲ ಬಡ್ಕೊಳ್ಳೋದು? ಎಲ್ಲಾದಕ್ಕೂ ಹ್ಞೂಂ ಅಂದ್ರೆ ಆಯ್ತಾ?” ಎಂದಳು ಹೆಂಡತಿ.

“ಹ್ಞೂಂ” ಎಂದು ಹೊರಟ.

ಪಕ್ಕದ ಅಂಗಡಿಯ ಇಸ್ತ್ರಿಯವನು ದಾರಿಯಲ್ಲೇ ಅಡ್ಡಗಟ್ಟಿದ. “ಅಣ್ಣಾ, ಅದು ಗ್ಯಾಸು. ನಮ್ ಭಾವಂಗೂ ಹಿಂಗೇ ನೋವು ಬಂದಿತ್ತು.”

“ದವಡೇಲಾ?”

“ಮಂಡೀಲಿ.”

ಟೈಲರಿಗೆ ನಗುವಷ್ಟೂ ತ್ರಾಣವಿರಲಿಲ್ಲ.

ಮಾಸ್ಕ್ ಹಾಕಿದ್ದ ಹಲ್ಲಿನ ಡಾಕ್ಟರು ಕಿವಿಯ ಮುಂದೆ ಬೆರಳೊತ್ತಿ ನೋಡಿದರು. “ಹಲ್ಲು ಗಟ್ಟಿ ಇವೆ. ದವಡೆ ಕೀಲಿಗೆ ಸುಸ್ತಾಗಿದೆ. ದಿನವಿಡೀ ಏನು ಕಚ್ಕೊಂಡಿರ್ತೀರಿ?”

“ಗುಂಡುಸೂಜಿ, ಸಾರ್. ಟೈಲರ್ ಕೆಲಸ.”

ಮಾಸ್ಕಿನ ಮೇಲಿನ ಕಣ್ಣುಗಳು ಸ್ವಲ್ಪ ಹೊತ್ತು ಅವನನ್ನೇ ದಿಟ್ಟಿಸಿದವು. “ಇನ್ಮೇಲೆ ಒಂದು ಸೂಜಿನೂ ಬಾಯಿಗೆ ಹೋಗಬಾರ್ದು. ಹಲ್ಲಿಗೆ ಹಲ್ಲು ತಾಗಿಸ್ಬೇಡಿ. ಬಿಸಿ ಬಟ್ಟೆ ಶಾಖ ಕೊಡಿ, ಮೆತ್ತಗಿರೋದು ತಿನ್ನಿ. ಸಂಜೆ ನಾನೇ ಅಂಗಡಿಗೆ ಬಂದು ನೋಡ್ತೀನಿ.”

ಇಂಥ ಡಾಕ್ಟರೂ ಇರುತ್ತಾರಲ್ಲ ಎಂದು ಟೈಲರು ಕೈಮುಗಿದ.

ಆದರೆ ಆ ಸೂಜಿಗಳೇ ಅವನ ಬಾಯಿಗೆ ಅಗುಳಿ. “ನನ್ನ ಬಟ್ಟೆ ಯಾವಾಗ?” ಎಂದು ಯಾರು ಕೇಳಿದರೂ ತುಟಿಯತ್ತ ಬೆರಳು ತೋರಿಸಿ “ಹ್ಞೂಂ” ಎಂದರೆ ಸಾಕಿತ್ತು; ಅವರವರಿಗೆ ಬೇಕಾದ ಅರ್ಥ ಮಾಡಿಕೊಂಡು ಹೋಗುತ್ತಿದ್ದರು. ಅವನು ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದುದು ಬೂದು ಕೋಟು ಹೊಲಿಯಲು ಕೊಟ್ಟಿದ್ದ ಆಸಾಮಿಗೆ. ಆ ಕೋಟಿನ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಬಿಟ್ಟಿದ್ದ. ಬಟ್ಟೆ ಮಿಕ್ಕಿರಲಿಲ್ಲ, ಅಂಥದ್ದು ಪೇಟೆಯಲ್ಲೂ ಸಿಗಲಿಲ್ಲ. ಹೇಳಿದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಆಸಾಮಿ ಬಂದಾಗಲೆಲ್ಲ ಒಂದು ಹಿಡಿ ಸೂಜಿ ಹೆಚ್ಚಿಗೆ ಕಚ್ಚಿಕೊಳ್ಳುತ್ತಿದ್ದ.

ಅಂಗಡಿಗೆ ಮರಳಿದವನ ಖಾಲಿ ಬಾಯಿ ಕಂಡ ಇಸ್ತ್ರಿಯವನು ಬೀದಿಗೆಲ್ಲ ಡಂಗುರ ಸಾರಿದ: “ಬನ್ರಪ್ಪೋ, ಅಣ್ಣ ಇವತ್ತು ಮಾತಾಡ್ತಾರೆ!”

“ನನ್ನ ಪ್ಯಾಂಟು?” ಎಂದು ಮೇಷ್ಟ್ರು ನುಗ್ಗಿದರು.

“ನಾಳೆ ಬನ್ನಿ.”

“ಮಗೂ ಫ್ರಾಕು?” ಎಂದಳೊಬ್ಬ ತಾಯಿ.

“ನಾಳೆ ಬನ್ನಿ.”

“ನಾಳೆ ಅಂದ್ರೆ ಅವಳು ಕಾಲೇಜಿಗೆ ಹೋಗೋದ್ರೊಳಗಾ?”

ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ಮೊದಲು ಸೂಜಿಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. “ಡಾಕ್ಟ್ರು ಹೇಳಿದಾರಲ್ಲ! ಈಗ ಬಾಯ್ಬಿಟ್ಟು ಹೇಳಿ, ನಮ್ಮಮ್ಮ ಬಂದು ಸ್ವಲ್ಪ ದಿನ ಇರ್ಲಾ?”

“ನಾಳೆ ಬರ್ಲಿ” ಎಂದು ಅಭ್ಯಾಸಬಲದಿಂದ ಬಾಯಿಗೆ ಬಂತು. ಇಡೀ ದಿನ ಹೇಳಿದ ನಾಳೆಗಳಲ್ಲಿ ಅದೊಂದು ಮಾತ್ರ ತಪ್ಪದೆ ನಾಳೆಯೇ ಬರುವುದೆಂದು ಅವನಿಗೆ ಗೊತ್ತಿತ್ತು.

ಸಂಜೆಯ ಹೊತ್ತಿಗೆ ದವಡೆ ಕೆಂಡವಾಗಿತ್ತು. ಡಾಕ್ಟರ ದಾರಿ ಕಾಯುತ್ತ ಕುಳಿತವನ ಎದುರಿಗೆ ಬಂದು ನಿಂತದ್ದು ಬೂದು ಕೋಟಿನ ಆಸಾಮಿ. ಟೈಲರನ ಕೈ ಮೇಜೆಲ್ಲ ತಡಕಿತು. ಒಂದು ಸೂಜಿಯೂ ಸಿಗಲಿಲ್ಲ.

“ನನ್ನ ಕೋಟು?”

ಇನ್ನೊಂದು ನಾಳೆಗೆ ಅವನಲ್ಲಿ ಶಕ್ತಿ ಉಳಿದಿರಲಿಲ್ಲ. “ತಪ್ಪಾಗಿದೆ ಸಾರ್. ಎರಡೂ ತೋಳು ಎಡಗೈಗೇ ಹೋಗ್ಬಿಟ್ಟಿದೆ. ಹೇಳೋಕೆ ಧೈರ್ಯ ಬರ್ಲಿಲ್ಲ.”

ಆಸಾಮಿ ಜೇಬಿನಿಂದ ಮಾಸ್ಕ್ ತೆಗೆದು ಮುಖಕ್ಕೆ ಹಾಕಿಕೊಂಡರು. ಬೆಳಗಿನ ಅವೇ ಕಣ್ಣುಗಳು!

“ಸೂಜಿ ಬರೀ ನೆಪ ಕಣ್ರೀ. ನೀವು ಹಲ್ಲು ಕಚ್ಚೋದು, ಸತ್ಯ ಆಚೆ ಬರದ ಹಾಗೆ ತಡೆಯೋಕೆ. ರೋಗದ ಬೇರು ಅದು. ಈಗ ಹಗುರಾಯ್ತಾ?”

ನಿಜಕ್ಕೂ ಹಗುರವಾಗಿತ್ತು. ಟೈಲರನ ಕಣ್ಣು ತುಂಬಿತು. ಡಾಕ್ಟರು ಮೊಳೆಗೆ ನೇತುಹಾಕಿದ್ದ ಕೋಟನ್ನು ಇಳಿಸಿ ಬಲಗೈಯನ್ನು ಒಂದು ತೋಳಿಗೆ ತೂರಿಸಿದರು, ತೆಗೆದು ಇನ್ನೊಂದಕ್ಕೆ ತೂರಿಸಿದರು. ಮಾಸ್ಕಿನೊಳಗೆ ದವಡೆ ಬಿಗಿಯಿತು.

“ಹಲ್ಲು ಕಚ್ಚಬೇಡಿ ಸಾರ್” ಎಂದ ಟೈಲರು ಕನಿಕರದಿಂದ. “ಅಂದಹಾಗೆ, ನನ್ನ ನೋವು ಪೂರ್ತಿ ಯಾವಾಗ ಹೋಗುತ್ತೆ?”

ಡಾಕ್ಟರು ಕೋಟನ್ನು ಮೇಜಿನ ಮೇಲೆ ಎಸೆದು ಮೆಟ್ಟಿಲಿಳಿದರು.

“ನಾಳೆ ಬನ್ನಿ.”

ಆ ನಾಳೆ ಎಂಥದ್ದೆಂದು ಟೈಲರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.