ಗ್ರಿಸ್ಕಿನ್ನನ ಉಸಾಬರಿ

ಆ ಶನಿವಾರ ಬೆಳಿಗ್ಗೆ ಫರ್ಗಸ್ ಲೀಥನ ಕಾರು ಎರಡು ಸಲ ಕೆಮ್ಮಿ ಮುಷ್ಕರ ಹೂಡಿತು. ಪಕ್ಕದ ಸೀಟಿನಲ್ಲಿ ಅವನೇ ಬೇಯಿಸಿದ ಚೀಸ್ ಸ್ಕೋನು ಎಂಬ ಪುಟ್ಟ ಬನ್ನುಗಳ ತಟ್ಟೆ ಇನ್ನೂ ಬಿಸಿಯಾಗಿತ್ತು. ನೆರೆಮನೆಯ ಡೆಸ್ ಬೆಳಗಿನ ಬಸ್ಸಿಗೆ ಊರು ಬಿಟ್ಟು, ನೆಲ್ಸನ್ ಪಟ್ಟಣದಲ್ಲಿರುವ ತಂಗಿಯ ಬಳಿ ಇರಲು ಮನೆಗೆ ಬೀಗ ಹಾಕಿ ಆಗಲೇ ಬಸ್‌ಸ್ಟಾಪಿಗೆ ಹೊರಟಿದ್ದ. ಅವನು ಬಸ್ಸು ಹತ್ತುವ ಮೊದಲು ಫರ್ಗಸ್ ಅವನ ಕ್ಷಮೆ ಕೇಳಲೇಬೇಕಿತ್ತು.

ಫರ್ಗಸ್ ಹೊಟ್ಟೆಪಾಡಿಗೆ ಮಾಯಾಲೋಕದ ನಗೆಕಾದಂಬರಿ ಬರೆಯುವವನು. ಅವನ ನಾಯಕ ಗ್ರಿಸ್ಕಿನ್ ಕೂಲಿಗೆ ಕತ್ತಿ ಬೀಸುವ ಸಿಡುಕ. ಡ್ರ್ಯಾಗನ್ ಊರು ಸುಡುತ್ತಿದ್ದರೆ ಅದೇ ಬೆಂಕಿಯಲ್ಲಿ ಸಾಸೇಜು ಬೇಯಿಸಿಕೊಳ್ಳುವವನು. ರಾಜನೇ ಕಾಲಿಗೆ ಬಿದ್ದರೂ, "ನನಗ್ಯಾಕೆ ಊರ ಉಸಾಬರಿ?" ಎಂದು ರಾಜನ ತಟ್ಟೆಯಿಂದ ಮಾಂಸದ ಪೈ ಎತ್ತಿಕೊಳ್ಳುವವನು. ಓದುಗರಿಗೋ ಇವನೆಂದರೆ ಪ್ರಾಣ. ಏಕೆಂದರೆ ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಈ ಪುಣ್ಯಾತ್ಮ ಗೊಣಗುತ್ತಲೇ ಊರು ಉಳಿಸಲು ಹಿಂತಿರುಗಿ ಬರುತ್ತಾನೆ.

ಫರ್ಗಸ್‌ನ ಲೆಕ್ಕದಲ್ಲಿ ಗ್ರಿಸ್ಕಿನ್ ಹುಟ್ಟಿದ್ದು ಡೆಸ್‌ನಿಂದ. ಬಿರುಗಾಳಿಗೆ ಎರಡು ಮನೆಗಳ ನಡುವಿನ ಬೇಲಿ ಬಿದ್ದಾಗ ಆ ಉಸಾಬರಿಯ ಮಾತು ಡೆಸ್‌ನ ಬಾಯಿಂದ ಬಂದಿತ್ತು, ಫರ್ಗಸ್ ಅದನ್ನೆತ್ತಿ ಪುಸ್ತಕ ಮಾಡಿದ್ದ. ಆಮೇಲೆ ಅವನಿಗೆ ಡೆಸ್‌ನ ಮುಖ ನೋಡಲು ನಾಚಿಕೆ ಹಿಡಿಯಿತು. ಕಸದ ಡಬ್ಬಿ ಹೊರಗಿಡಬೇಕಾದರೂ ಡೆಸ್ ಒಳಗೆ ಹೋಗುವ ತನಕ ಕಾಯುತ್ತಿದ್ದ. ಕಳೆದ ಚಳಿಗಾಲ ಡೆಸ್‌ನ ಹೆಂಡತಿ ಮಾರಮಾ ತೀರಿಕೊಂಡಾಗಲೂ ಕಿಟಕಿಯ ಪರದೆಯ ಹಿಂದೆ ನಿಂತೇ ಇದ್ದ. ಆ ಪರದೆ ಈಗ ನೆನಪಾದರೆ ಊಟ ಸೇರುತ್ತಿರಲಿಲ್ಲ.

ಕೆಟ್ಟ ಕಾರು ಬಿಟ್ಟು ಫರ್ಗಸ್ ತಟ್ಟೆ ಹಿಡಿದು ಕಾಲ್ನಡಿಗೆಯಲ್ಲೇ ಹೊರಟ. ಅವನ ದುರದೃಷ್ಟಕ್ಕೆ ಅಂದೇ ಲೈಬ್ರರಿಯವರ ಗ್ರಿಸ್ಕಿನ್ ವೇಷದ ಸ್ಪರ್ಧೆ. ನೆಗಡಿಯ ನೆಪ ಹೇಳಿ ಅದರಿಂದ ತಪ್ಪಿಸಿಕೊಂಡಿದ್ದ. ತಿರುವಿನಲ್ಲಿ ಮಾಂಸದಂಗಡಿಯ ಬ್ಯಾರಿ ಗ್ರಿಸ್ಕಿನ್‌ನಂತೆ ನಾರಿನ ಗಡ್ಡ ಅಂಟಿಸಿಕೊಂಡು ಗಾಡಿ ನಿಲ್ಲಿಸಿದ.

"ಬ್ಯಾರಿ, ಬಸ್‌ಸ್ಟಾಪಿಗೆ ಬಿಡು ಮಾರಾಯ! ಡೆಸ್ ಹೊರಟುಬಿಡ್ತಾನೆ!"

"ನನಗ್ಯಾಕೆ ಊರ ಉಸಾಬರಿ?" ಎಂದು ಬ್ಯಾರಿ ಕಿಟಕಿಯಿಂದಲೇ ಕೈಹಾಕಿ ಎರಡು ಸ್ಕೋನು ಎತ್ತಿಕೊಂಡ.

"ತಮಾಷೆ ಅಲ್ಲ ಕಣೋ!"

"ರಾಜನೂ ಹಾಗೇ ಅಂತಾನಲ್ವಾ? ಹೆಂಗೆ, ಬಹುಮಾನ ಗ್ಯಾರಂಟಿ ತಾನೇ?" ಗಾಡಿ ಹೊರಟೇಹೋಯಿತು.

ದೊಡ್ಡ ಬೀದಿಗೆ ಬಂದರೆ ಎಲ್ಲಿ ನೋಡಿದರೂ ಗ್ರಿಸ್ಕಿನ್. ಹಲ್ಲಿನ ಡಾಕ್ಟರು ಗ್ರಿಸ್ಕಿನ್, ಪಾದ್ರಿಗಳೂ ಗ್ರಿಸ್ಕಿನ್. ಯಾರನ್ನು ಅಂಗಲಾಚಿದರೂ ಅದೇ ಉತ್ತರ, ಜೊತೆಗೆ ತಟ್ಟೆಗೊಂದು ಕೈ. "ದೇವರ ಮುಖ ನೋಡಿಯಾದ್ರೂ ಸ್ಟಾಪಿಗೆ ಬಿಡಿ ಫಾದರ್!" ಎಂದರೆ, ಪಾದ್ರಿಗಳು ಸ್ಕೋನಿಗೆ ಬೆಣ್ಣೆ ಕಡಿಮೆಯಾಗಿದೆ ಎಂದರು.

ಬೆವರು ಸುರಿಸುತ್ತಾ ಸ್ಟಾಪಿಗೆ ಬಂದಾಗ ಡೆಸ್ ಬಸ್ಸಿನ ಮೆಟ್ಟಿಲ ಬಳಿ ಇದ್ದ.

"ಡೆಸ್, ತಪ್ಪಾಯ್ತು! ಗ್ರಿಸ್ಕಿನ್ ನೀನೇ. ಬೇಲಿ ಬಿದ್ದಾಗ ನೀನಂದ ಮಾತನ್ನ ಕದ್ದು ಬರೆದೆ ನಾನು."

ಡೆಸ್ ಹುಬ್ಬೇರಿಸಿದ. "ನಾನೆಲ್ಲಿ ಅಂದೆ? ಹಲಗೆ ಹೊತ್ಕೊಂಡು ನಿನ್ನ ಬಾಗಿಲಿಗೆ ಬಂದೋನು ನಾನು. ನೀನು ಬರೀತಾ ಕೂತಿದ್ದೆ. ತಲೆ ಕೂಡ ಎತ್ತದೆ ‘ನನಗ್ಯಾಕೆ ಉಸಾಬರಿ’ ಅಂದೆ. ಆಮೇಲೆ ಬೇಲಿ ನಾನೇ ಹಾಕ್ದೆ, ಮಾರಮಾ ಮೊಳೆ ಹಿಡ್ಕೊಂಡಿದ್ಲು."

ಫರ್ಗಸ್‌ಗೆ ಡೆಸ್‌ನ ಹೆಗಲ ಮೇಲಿದ್ದ ಒದ್ದೆ ಹಲಗೆಗಳು ನೆನಪಾದವು. ಅರ್ಧಕ್ಕೆ ನಿಂತ ವಾಕ್ಯಕ್ಕಾಗಿ ತಾನು ಸಿಡುಕಿದ್ದೂ ನೆನಪಾಯಿತು.

"ಪುಸ್ತಕ ಬಂದಾಗ ಇಬ್ರೂ ಬಿದ್ದು ಬಿದ್ದು ನಕ್ಕಿದ್ವಿ," ಎಂದ ಡೆಸ್. "ತನ್ನನ್ನೇ ಹೀಗೆ ಲೇವಡಿ ಮಾಡ್ಕೊಳ್ಳೋಕೆ ಎಂಟೆದೆ ಬೇಕು ಅಂದ್ಲು ಮಾರಮಾ. ಆಸ್ಪತ್ರೇಲೂ ಅದನ್ನೇ ಓದಿಸ್ಕೊಳ್ಳೋಳು. ‘ನೋಡ್ತಿರು, ನಮ್ಮ ಗ್ರಿಸ್ಕಿನ್ ಕೊನೇ ಪುಟಕ್ಕೆ ಬಂದೇ ಬರ್ತಾನೆ’ ಅಂತ ಬಾಗಿಲು ನೋಡ್ತಾ ಮಲಗಿರೋಳು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಫರ್ಗಸ್‌ಗೆ ಸಂಕಟ ಎಷ್ಟೋ ಕಡಿಮೆಯಾಗುತ್ತಿತ್ತು. ಅವನು ತಟ್ಟೆ ಮುಂದೆ ಚಾಚಿದ. ಅದರಲ್ಲಿ ಬರೀ ಪುಡಿ ಉಳಿದಿತ್ತು.

ಡೆಸ್ ತಟ್ಟೆ ನೋಡಿ ಮೆಲ್ಲಗೆ ನಕ್ಕ. "ಥೇಟ್ ಗ್ರಿಸ್ಕಿನ್ ಕಣಯ್ಯಾ ನೀನು. ಸ್ವಲ್ಪ ತಡ ಮಾಡ್ಬಿಟ್ಟೆ, ಅಷ್ಟೇ." ಭುಜ ತಟ್ಟಿ ಒಳಗೆ ಹತ್ತಿದ. ಬಸ್ಸು ಹೊರಟಿತು.

ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಸ್ಕೋನಿನ ಜಾಡು ಹಿಡಿದು ಗ್ರಿಸ್ಕಿನ್ನರ ಹಿಂಡೇ ಬಂದು ನಿಂತಿತ್ತು. ಲೈಬ್ರರಿಯ ಲಿನೆಟ್ ಓಡಿಬಂದು ಫರ್ಗಸ್‌ನ ಎದೆಗೆ ನೀಲಿ ರಿಬ್ಬನ್ ಚುಚ್ಚಿದಳು.

"ಮೊದಲನೇ ಬಹುಮಾನ! ವೇಷಾನೇ ಹಾಕ್ದೆ ಗೆದ್ರಲ್ಲ ಸಾರ್!"

"ಯಾರಾದ್ರೂ ಒಂದು ಕಾರು ತೆಗೀರಿ," ಎಂದ ಫರ್ಗಸ್, ಕಣ್ಣೊರೆಸಿಕೊಳ್ಳುತ್ತಾ. "ಮುಂದಿನ ಸ್ಟಾಪಿನಲ್ಲಾದ್ರೂ ಬಸ್ಸು ಹಿಡೀಬೇಕು. ನಿಮ್ಮ ಕಾಲಿಗೆ ಬೀಳ್ತೀನಿ."

"ನನಗ್ಯಾಕೆ ಊರ ಉಸಾಬರಿ?" ಇಡೀ ಬೀದಿ ಒಕ್ಕೊರಲಿನಿಂದ ಕೂಗಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ಮಾತು ಕಲಿಸಿದವನು ತಾನೇ ಆದ್ದರಿಂದ ಫರ್ಗಸ್ ಯಾರನ್ನೂ ಬೈಯುವಂತಿರಲಿಲ್ಲ.