ಮೆಟ್ಟಿಲ ಪಕ್ಕದ ಬೋರ್ಡು

ಏನಾದರೂ ಒಳ್ಳೆಯದು ಓದಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವವರಿಗೆ ಇಂಥ ಫಜೀತಿಗಳು ಆಗುವುದಿಲ್ಲ. ನನಗೆ ಆಗುತ್ತಲೇ ಇರುತ್ತವೆ.

ಬೈಂದೂರಿನಲ್ಲಿ ಬಸ್ಸು ನಿಲ್ಲುವಲ್ಲಿ ಒಂದು ಮಾಳಿಗೆ ಕಟ್ಟಡ, ಅದರ ಮೆಟ್ಟಿಲ ಪಕ್ಕ ನನ್ನ ಜೆರಾಕ್ಸ್ ಅಂಗಡಿ. ಊರಿಗೆ ಇಂಟರ್ನೆಟ್ ಬಂದ ಹೊಸದರಲ್ಲಿ ನಾನೂ ಒಂದು ಕಂಪ್ಯೂಟರ್ ತಂದಿಟ್ಟೆ. ಗಿರಾಕಿಗಳು ಬರಲಿಲ್ಲ. ಬಂದವರು "ಇದ್ರಲ್ ಎಂತ ಕಾಣತ್ತ್?" ಅಂತ ಕೇಳಿ, ಕಂಡು, ಹೋದರು. ಹಾಗಾಗಿ ನಾನೇ ಕೂತು ಓದತೊಡಗಿದೆ. ದುಡ್ಡು ಹೇಗೆ ಬೆಳೆಯುತ್ತದೆ, ಹೊಸ ಯಂತ್ರ ಹೇಗೆ ಓಡುತ್ತದೆ, ಯಾವ ದೇಶದವ ಎಂಥ ಚಿತ್ರ ಬರೆದ, ಸಿಕ್ಕಿದ್ದೆಲ್ಲ ಓದಿದೆ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಮನೆಯಲ್ಲಿ ಹೇಳಿದರೆ ಹೆಂಡತಿ ಪೂರ್ತಿ ಕೇಳಿ, "ಅದಿರ್ಲಿ, ಕಾಯಿ ತಂದ್ರ್ಯಾ?" ಅನ್ನುತ್ತಾಳೆ.

ಕಡೆಗೆ ಒಂದು ಪ್ಲೈವುಡ್ ಹಲಗೆ ತಂದು ಹೊರಗಿನ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದೆ. ಮೇಲೆ "ಈ ವಾರದ ಓದು" ಅಂತ ಬರೆದೆ. ಪ್ರತಿ ಸೋಮವಾರ ಒಂದು ಲೇಖನವನ್ನು ನನಗೆ ತಿಳಿದ ಕನ್ನಡದಲ್ಲಿ ಬರೆದು, ಪ್ರಿಂಟ್ ತೆಗೆದು, ಪಿನ್ನು ಚುಚ್ಚುವುದು. ನಾನು ಮಾಸ್ತರನಾಗಬೇಕು ಅಂತಿದ್ದವ, ಆಗಲಿಲ್ಲ. ಬೋರ್ಡಿನ ಮುಂದೆ ನಾಲ್ಕು ಜನ ಕತ್ತೆತ್ತಿ ನಿಂತಾಗ ಒಳಗಿನಿಂದ ನೋಡುವುದರಲ್ಲಿ ನನಗಿದ್ದ ಖುಷಿ ಜೆರಾಕ್ಸಿನಲ್ಲಿ ಇರಲಿಲ್ಲ.

ಮೊದಲನೇ ಸೋಮವಾರ

ಮೊದಲ ಲೇಖನ ದೂರದೇಶದ ಒಬ್ಬ ಮುದುಕರ ಬಗ್ಗೆ. ಷೇರು ಕೊಂಡು, ಮಾರದೆ, ಸುಮ್ಮನೆ ಕೂತು ಶ್ರೀಮಂತರಾದವರು. ಅವರ ದೊಡ್ಡ ಫೋಟೋ ಹಾಕಿದೆ. ಚಂದ ಕಾಣಲಿ ಅಂತ ಸುತ್ತ ಕಪ್ಪು ಗೆರೆಯ ಚೌಕಟ್ಟನ್ನೂ ಹಾಕಿದೆ.

ಹತ್ತು ಗಂಟೆಗೆ ಹೊರಗೆ ನೋಡಿದರೆ ಒಬ್ಬ ಹಿರಿಯರು ಚಪ್ಪಲಿ ಬಿಟ್ಟು, ಬೋರ್ಡಿಗೆ ಕೈ ಮುಗಿದು ನಿಂತಿದ್ದಾರೆ. ಅವರ ಹಿಂದೆ ಇನ್ನಿಬ್ಬರು ಚಪ್ಪಲಿ ಬಿಡುತ್ತಿದ್ದಾರೆ. ನಮ್ಮ ಕಡೆ ಬಸ್ಸು ನಿಲ್ಲುವಲ್ಲಿ ಗೋಡೆಯ ಮೇಲೆ ಫೋಟೋ, ಕೆಳಗೆ ನಾಲ್ಕು ಸಾಲು ಬಂತು ಅಂದರೆ ವಿಷಯ ಒಂದೇ: ಯಾರೋ ತೀರಿಹೋಗಿದ್ದಾರೆ. ಇದು ನನಗೆ ಹೊಳೆಯಲೇ ಇಲ್ಲ.

ಹಿರಿಯರು ಒಳಗೆ ಇಣುಕಿ ಮೆಲ್ಲಗೆ ಕೇಳಿದರು: "ಯಾವತ್ತ್ ಹೋದ್ದ್?"

"ಯಾರು?"

"ಇವ್ರ್. ಎಲ್ಲಿಯವ್ರ್? ಶಿರೂರ್ ಬದಿಯವ್ರಾ?"

"ಇಲ್ಲ, ಅಮೆರಿಕದವರು. ಹೋಗಲಿಲ್ಲ, ಇದ್ದಾರೆ. ಷೇರಿನಲ್ಲಿ ದುಡ್ಡು ಮಾಡಿದವರು."

ಅವರು ತಿರುಗಿ ಫೋಟೋ ನೋಡಿದರು, ನನ್ನನ್ನು ನೋಡಿದರು. "ಬದ್ಕಿ ಇಪ್ಪವ್ರ ಫೋಟೋ ಎಂತಕ್ ಹಾಕಿದ್ದ್?" ಅಂದರು.

ಮಧ್ಯಾಹ್ನದೊಳಗೆ ಯಾರೋ ಪಿನ್ನಿಗೆ ಒಂದು ಅಬ್ಬಲಿಗೆ ದಂಡೆ ಸಿಕ್ಕಿಸಿ ಹೋಗಿದ್ದರು. ಫೋಟೋ ತೆಗೆದೆ, ಹೂ ತೆಗೆಯಲು ಮನಸ್ಸಾಗಲಿಲ್ಲ. ಆ ವಾರವೆಲ್ಲ ಲೇಖನದಲ್ಲಿದ್ದ ಚಕ್ರಬಡ್ಡಿಯ ಲೆಕ್ಕ ಹೂ ಮುಡಿದುಕೊಂಡೇ ಇತ್ತು.

ಬುಟ್ಟಿ

ಇನ್ನೊಂದು ವಾರ, ಇದ್ದ ದುಡ್ಡನ್ನೆಲ್ಲ ಒಂದೇ ಕಡೆ ಹಾಕಬಾರದು ಅನ್ನುವ ಲೇಖನ. ಮೂಲದಲ್ಲಿ ಮೊಟ್ಟೆ, ಬುಟ್ಟಿ ಅಂತ ಏನೋ ಇತ್ತು. ನಮ್ಮ ಊರಿಗೆ ಹೊಂದಲಿ ಅಂತ ನಾನು ಮೊಟ್ಟೆ ತೆಗೆದು ಮೀನು ಹಾಕಿದೆ.

ಮೀನು ಮಾರುವ ಅಕ್ಕ ದಿನಾ ನಮ್ಮ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ಐದು ನಿಮಿಷ ಕೂರುವುದು ವಾಡಿಕೆ. ಅವರಿಗೆ ಓದು ಬಾರದು. "ಎಂತ ಬರ್ದಿದ್ದೆ ಮಾಣಿ, ಓದ್ ಕಾಂಬ" ಅಂದರು.

ಓದಿದೆ. "ನಿಮ್ಮ ಮೀನನ್ನೆಲ್ಲ ಒಂದೇ ಬುಟ್ಟಿಯಲ್ಲಿ ಇಡಬೇಡಿ. ನಾಲ್ಕು ಬುಟ್ಟಿಯಲ್ಲಿಡಿ. ಒಂದು ಬಿದ್ದರೂ ಮೂರು ಉಳಿಯುತ್ತವೆ."

ಅಕ್ಕ ತಮ್ಮ ಬುಟ್ಟಿ ನೋಡಿದರು. "ನಂಗಿಪ್ಪುದ್ ಒಂದೇ ತಲಿ" ಅಂದರು.

ನಾನು ಎರಡನೇ ಪ್ಯಾರಾಕ್ಕೆ ಹೋದೆ. "ಇಟ್ಟ ಮೇಲೆ ಅವಸರ ಮಾಡಬೇಡಿ. ಇಪ್ಪತ್ತು ವರ್ಷ ಮುಟ್ಟದೆ ಬಿಡಿ."

"ಇಪ್ಪತ್ ವರ್ಷ," ಅಂತ ಅಕ್ಕ ಬುಟ್ಟಿಯ ಮೇಲಿನ ಎಲೆ ಎತ್ತಿ ಬಂಗುಡೆ ನೋಡಿದರು. "ಹನ್ನೆರ್ಡ್ ಗಂಟಿ ಒಳ್ಗೆ ಖರ್ಚಾಗ್ದಿರೆ ಬೆಕ್ಕೂ ಮೂಸುದಿಲ್ಲೆ."

"ಅದು ಮೀನಿಗಲ್ಲ ಅಕ್ಕ, ದುಡ್ಡಿಗೆ."

"ಹಾಂಗಾರೆ ದುಡ್ಡ್ ಅಂದೇ ಬರಿ. ಮೀನಿನ್ ಹೆಸ್ರ್ ಎಂತಕ್ ಹಾಳ್ ಮಾಡ್ತೆ? ಅದಿರ್ಲಿ, ನೀನ್ ಎಷ್ಟ್ ಬುಟ್ಟಿಲ್ ಇಟ್ಟಿದ್ದೆ?"

ನಾನು ಯಾವ ಬುಟ್ಟಿಯಲ್ಲೂ ಏನೂ ಇಟ್ಟಿಲ್ಲ, ಓದುವುದು ಮಾತ್ರ ಅಂದೆ. ಅಕ್ಕ ಎದ್ದು ಸಿಂಬೆ ಸರಿಮಾಡಿಕೊಂಡರು. "ಮೀನ್ ಮುಟ್ಟದ್ ಭಟ್ರ್ ಸಾರಿಗೆ ಹುಳಿ ಹೇಳ್ದಂಗಾಯ್ತ್. ಬುಟ್ಟಿಗೊಂದ್ ಕೈ ಕೊಡ್."

ಕೊಟ್ಟೆ. ಹೂಡಿಕೆ ವಿಷಯದಲ್ಲಿ ನಾನು ಊರಿಗೆ ಮಾಡಿದ ಸಹಾಯ ಅಷ್ಟೇ.

ಇನ್ನು ಕಾಗದವೇ ಬೇಡ

ಕಂಪ್ಯೂಟರಿನಿಂದಾಗಿ ಹತ್ತೇ ವರ್ಷದಲ್ಲಿ ಜಗತ್ತಿಗೆ ಕಾಗದ ಬೇಡವಾಗುತ್ತದೆ ಅನ್ನುವ ಲೇಖನ ಹಾಕಿದ ವಾರ ಒಬ್ಬ ಹೆಡ್ಮಾಸ್ಟರು ಬಂದರು. ಕಿರಿಮಂಜೇಶ್ವರದ ಕಡೆಯವರು. ಓದಿ ತುಂಬಾ ಮೆಚ್ಚಿದರು. "ಇದು ಪ್ರತಿ ಮಗುವಿನ ಕೈಯಲ್ಲಿ ಇರಬೇಕು" ಅಂತ ನೂರಿಪ್ಪತ್ತು ಪ್ರತಿ ಹೇಳಿದರು.

"ಎರಡೂ ಬದಿ ತೆಗೆಯಲಾ ಸರ್? ಅರ್ಧ ಕಾಗದ ಉಳಿಯುತ್ತದೆ."

"ಬೇಡ. ಒಂದೇ ಬದಿ. ಅಕ್ಷರ ದೊಡ್ಡದು ಮಾಡಿ."

ವಾರ ಕಳೆದು ಮತ್ತೆ ಬಂದರು. ಮಳೆಗೆ ಪ್ರತಿಗಳೆಲ್ಲ ಒದ್ದೆಯಾಗಿದ್ದವು, ಇನ್ನೊಮ್ಮೆ ನೂರಿಪ್ಪತ್ತು. ಹೋಗುವಾಗ ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. "ಪಾಪ, ಹತ್ತು ವರ್ಷದ ಮೇಲೆ ನಿಮ್ಮ ಅಂಗಡಿ ಗತಿ ಏನು?" ಅಂದರು.

ಹತ್ತು ವರ್ಷ ಯಾವತ್ತೋ ಕಳೆಯಿತು. ಮೊನ್ನೆ ಬಂದಿದ್ದರು. ಮೊಬೈಲಿಗೆ ಬಂದ ಒಂದು ಲೇಖನವನ್ನು ಪ್ರಿಂಟ್ ತೆಗೆಸಲು.

ಸಮುದ್ರದ ಚಿತ್ರ

ಸಮುದ್ರವನ್ನೇ ಬರೆಯುವ ಒಬ್ಬ ಚಿತ್ರಕಾರನ ಬಗ್ಗೆ ಒಮ್ಮೆ ಹಾಕಿದೆ. ಪ್ರಿಂಟರಿನಲ್ಲಿ ಬಣ್ಣದ ಶಾಯಿ ಮುಗಿದಿತ್ತು. ಅಕ್ಷರ ಬಂತು, ಚಿತ್ರದ ಜಾಗದಲ್ಲಿ ಚೌಕಟ್ಟು ಮಾತ್ರ ಬಂತು, ಒಳಗೆ ಬಿಳಿ. ಶಾಯಿಗೆ ಕುಂದಾಪುರಕ್ಕೇ ಹೋಗಬೇಕು. ನಾಳೆ ಸರಿ ಮಾಡಿದರಾಯಿತು ಅಂತ ಹಾಗೇ ಚುಚ್ಚಿದೆ.

ನಿವೃತ್ತ ಡ್ರಾಯಿಂಗ್ ಮಾಸ್ತರೊಬ್ಬರು, ಬ್ರಹ್ಮಾವರದವರು, ಇಲ್ಲಿ ಮಗಳ ಮನೆಯಲ್ಲಿದ್ದರು. ಅವರು ಅದರ ಮುಂದೆ ಅರ್ಧ ಗಂಟೆ ನಿಂತರು. ಕೊನೆಗೆ ಒಳಗೆ ಬಂದು, "ಇವ ಕಡಲು ಕಂಡವ" ಅಂದರು.

"ಹೇಗೆ ಹೇಳುತ್ತೀರಿ ಮಾಸ್ಟ್ರೇ?"

"ಮಳೆಗಾಲದ ನಡುವೆ ಹೋಗಿ ನೋಡಿ. ಕಡಲೂ ಇಲ್ಲ, ಆಕಾಶವೂ ಇಲ್ಲ. ಎಲ್ಲ ಒಂದೇ ಬಿಳಿ. ಅದನ್ನು ಬರೆಯಲಿಕ್ಕೆ ಧೈರ್ಯ ಬೇಕು."

ಮರುದಿನ ಶಾಯಿ ತಂದು ಸರಿಯಾದ ಪ್ರಿಂಟ್ ಹಾಕಿದೆ. ನೀಲಿ ನೀರು, ಅಲೆ, ಎರಡು ದೋಣಿ. ಮಾಸ್ತರು ಬಂದರು, ನೋಡಿದರು, ಅರ್ಧ ನಿಮಿಷವೂ ನಿಲ್ಲಲಿಲ್ಲ.

"ನಿನ್ನೆ ಒಳ್ಳೇದಿತ್ತು," ಅಂದರು. "ಎಲ್ಲಿ ನಿಲ್ಲಿಸಬೇಕು ಅಂತ ಇವನಿಗೆ ಗೊತ್ತಿಲ್ಲ."

ಯಜಮಾನರ ಪ್ರಶ್ನೆ

ಈ ಕಟ್ಟಡದ ಯಜಮಾನರು ಮುಂಬಯಿಯಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸಿ ಊರಿಗೆ ಬಂದವರು. ಬರುವಾಗ ಕ್ಯಾಂಟೀನಿನ ಸಾಮಾನನ್ನೆಲ್ಲ ಲಾರಿಯಲ್ಲಿ ತಂದಿದ್ದರು: ಬೆಂಚು, ಅಲ್ಯೂಮಿನಿಯಂ ಏಣಿ, ಇನ್ನೂರು ಜನಕ್ಕೆ ಬೇಯಿಸುವ ತಾಮ್ರದ ಕೊಪ್ಪರಿಗೆ. ಊರವರು ಬಂದು "ಎರ್ಡ್ ದಿನಕ್ಕೆ" ಅಂತ ಕೇಳಿದರು. ಅವರು ಕೊಟ್ಟರು. ಯಾವುದೂ ತಿರುಗಿ ಬರಲಿಲ್ಲ. ಕೊಪ್ಪರಿಗೆಯಂತೂ ಶಿರೂರಿಗೆ ಒಂದು ಮದುವೆಗೆ ಅಂತ ಹೋದದ್ದು, ಆ ಮದುವೆಯ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. ಬಾಯಿ ಬಿಟ್ಟು ಕೇಳಲು ಅವರಿಗೆ ಮರ್ಯಾದೆ ಅಡ್ಡ. ಹಾಗಾಗಿ ದಿನಾ ಬೆಳಿಗ್ಗೆ ಬಂದು ನನ್ನ ಹತ್ತಿರ ಹೇಳುವರು.

ಅವರಿಗೆ ನನ್ನ ಬೋರ್ಡು ಕಂಡರೆ ಆಗದು. ಓದುವವರು ಮೆಟ್ಟಿಲಿಗೆ ಅಡ್ಡ ನಿಲ್ಲುತ್ತಾರೆ, ಮಾಳಿಗೆಯ ಟೈಲರನ ಗಿರಾಕಿಗಳಿಗೆ ಹತ್ತಲು ದಾರಿ ಇಲ್ಲ. ಒಂದು ದಿನ ಬಂದವರೇ ಕೇಳಿದರು:

"ಹ್ವಾಯ್, ಇಷ್ಟ್ ವರ್ಷ ಆಯ್ತ್. ಇದ್ರಿಂದ ಒಬ್ಬನಿಗಾರೂ ಎಂತಾರೂ ಪ್ರಯೋಜನ ಆಯ್ತಾ? ಒಬ್ಬನ್ ಹೆಸ್ರ್ ಹೇಳ್, ಬಸ್."

ನಾನು ಮನಸ್ಸಿನಲ್ಲೇ ಹುಡುಕಿದೆ. ಮೀನಿನ ಅಕ್ಕ, ಇಲ್ಲ. ಹೆಡ್ಮಾಸ್ಟರು, ಇಲ್ಲ. ಡ್ರಾಯಿಂಗ್ ಮಾಸ್ತರಿಗೆ ಪ್ರಯೋಜನ ಆದದ್ದು ಶಾಯಿ ಇಲ್ಲದ್ದರಿಂದ.

"ತಿಂಗ್ಳ್ ಕಡಿಗೆ ಬಿಚ್ಚಿ ಬಿಡ್. ಗೋಡಿ ಫ್ಲೆಕ್ಸಿನವ್ರಿಗ್ ಕೊಡ್ತೆ" ಅಂದು ಹೋದರು.

ಆ ದಿನ ನನಗೆ ಊಟ ಸೇರಲಿಲ್ಲ. ಬೋರ್ಡು ಹೋದರೆ ನಾನು ರೇಷನ್ ಕಾರ್ಡಿನ ಎರಡೂ ಬದಿ ಜೆರಾಕ್ಸ್ ಮಾಡುವವ, ಮತ್ತೇನಲ್ಲ. ನಿಜವಾಗಿಯೂ ಬೇಸರವಾಯಿತು.

ಕೊನೆಯ ಸೋಮವಾರ

ತಿಂಗಳು ಮುಗಿಯಲು ಒಂದು ವಾರ ಇದ್ದಾಗ, ಸೀಮೆಸುಣ್ಣದಲ್ಲಿ ಚಿತ್ರ ಬರೆಯುವವರ ಬಗ್ಗೆ ಹುಡುಕುತ್ತಿದ್ದೆ. ಮುಂಬಯಿಯ ಯಾರೋ ಒಬ್ಬರು ಬರೆದ ಪುಟ ಸಿಕ್ಕಿತು. ಅವರು ಹತ್ತು ವರ್ಷ ಊಟ ಮಾಡುತ್ತಿದ್ದ ಕ್ಯಾಂಟೀನಿನ ಮಾಲೀಕ, ದಿನಾ ಬೆಳಿಗ್ಗೆ ಬಾಗಿಲ ಬಳಿಯ ಕರಿಹಲಗೆಯ ಮೇಲೆ ಅವತ್ತಿನ ಮೀನಿನ ಚಿತ್ರ ಬರೆಯುತ್ತಿದ್ದರಂತೆ. ಹೆಸರು ಬೇಡ, ಚಿತ್ರ ನೋಡಿಯೇ ಜನ ಒಳಗೆ ಬರುತ್ತಿದ್ದರಂತೆ. ಕೆಳಗೆ, ಬಂಗುಡೆ ಬರೆದ ದಿನದ್ದು ಅಂತ ಒಂದು ಹಳೇ ಫೋಟೋ. ಕರಿಹಲಗೆಯ ಪಕ್ಕ ನಿಂತವರು ನಮ್ಮ ಯಜಮಾನರು.

ದಿನಾ ಬೆಳಿಗ್ಗೆ ಬಂದು ಕೊಪ್ಪರಿಗೆಯ ಕತೆ ಹೇಳುವ ಮನುಷ್ಯ, ಇದೊಂದನ್ನು ಬಾಯಿ ಬಿಟ್ಟಿರಲಿಲ್ಲ. ಬೋರ್ಡು ಉಳಿಯಲಿ ಬಿಡಲಿ, ಇದನ್ನು ಊರು ಓದಬೇಕು ಅಂತ ಕೂತು ಮನಸ್ಸಿಟ್ಟು ಬರೆದೆ. ತಲೆಬರಹ, "ಮರೆಯಲಾಗದ ಕಲಾವಿದ". ಕೊನೆಯ ಸಾಲು, "ಅವರು ಬರೆದ ಮೀನುಗಳು ಸಂಜೆಗೆ ಅಳಿದುಹೋದವು, ಅವರ ನೆನಪು ಅಳಿಯದು". ಮೇಲೆ ಅವರ ಫೋಟೋ. ಚಂದ ಕಾಣಲಿ ಅಂತ ಸುತ್ತ ಕಪ್ಪು ಗೆರೆಯ ಚೌಕಟ್ಟು.

ಈಗ ಓದಿದರೆ ನನಗೂ ಗೊತ್ತಾಗುತ್ತದೆ. ಅವತ್ತು ಗೊತ್ತಾಗಲಿಲ್ಲ.

ಸೋಮವಾರ ಬೆಳಿಗ್ಗೆ ಅದನ್ನು ಚುಚ್ಚಿ, ಬಾಗಿಲು ಹಾಕಿ, ಶಾಯಿ ತರಲು ಕುಂದಾಪುರದ ಬಸ್ಸು ಹತ್ತಿದೆ. ಯಜಮಾನರೂ ಅವರ ಹೆಂಡತಿಯೂ ಭಾನುವಾರವೇ ಕೆರಾಡಿಗೆ ತಂಗಿಯ ಮನೆಗೆ ಹೋಗಿದ್ದರು. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ.

ನಾಲ್ಕು ಗಂಟೆಗೆ ನಾನು ಬಸ್ಸಿನಿಂದ ಇಳಿದರೆ ಬೋರ್ಡಿನ ಕೆಳಗೆ ಚಪ್ಪಲಿಯ ರಾಶಿ. ಫೋಟೋ ಮೇಲೆ ಐದು ಅಬ್ಬಲಿಗೆ ದಂಡೆ. ಟೈಲರ್ ಅರ್ಧ ದಿನ ಅಂಗಡಿ ಮುಚ್ಚಿದ್ದ. ಮೀನಿನ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಒಳ್ಳೆ ಜನ ಮಾಣಿ," ಅಂದರು. "ಬಂಗುಡೆಗೆ ಚೌಕಾಶಿ ಮಾಡ್ತಿದ್ರ್. ಆದ್ರೂ ಒಳ್ಳೆ ಜನ."

"ಅಕ್ಕ, ಅವರು ಹೋಗಲಿಲ್ಲ. ಕೆರಾಡಿಯಲ್ಲಿದ್ದಾರೆ."

ಅಕ್ಕ ನನ್ನ ಬೆನ್ನು ಸವರಿದರು. "ಹೌದ್ ಮಗಾ. ಹಾಂಗೇ ಅಂದ್ಕಂಡ್ ಸಮಾಧಾನ ಮಾಡ್ಕೊ."

ನಾಲ್ಕು ಜನಕ್ಕೆ ಹೇಳಿದೆ. ನಾಲ್ವರೂ ಬೆನ್ನು ಸವರಿದರು. ಅಷ್ಟರಲ್ಲಿ ಕೆರಾಡಿ ಕಡೆಯಿಂದ ಬರುವ ಬಸ್ಸು ಬಂತು. ಯಜಮಾನರು ಇಳಿದರು. ಹೆಂಡತಿಯನ್ನು ರಿಕ್ಷಾ ಹತ್ತಿಸಿ ಕಳಿಸಿ, ಇಷ್ಟು ಜನ ಯಾಕೆ ಅಂತ ಗುಂಪಿನ ಹಿಂದೆ ಬಂದು ನಿಂತರು. ಎಲ್ಲರೂ ಬೋರ್ಡಿನ ಕಡೆ ಮುಖ ಮಾಡಿದ್ದರಿಂದ ಯಾರೂ ನೋಡಲಿಲ್ಲ. ಯಜಮಾನರು ಹೆಗಲುಗಳ ಮೇಲಿನಿಂದ ಪೂರ್ತಿ ಓದಿದರು. ಅವರ ಪಕ್ಕದಲ್ಲೇ ಕೈ ಮುಗಿದು ನಿಂತಿದ್ದವರು ಮೊದಲನೇ ಸೋಮವಾರದ ಹಿರಿಯರು. ತಿರುಗಿ ನೋಡಿದರು.

"ನೀವ್ ಯಾವಾಗ ಬಂದ್ರಿ?"

"ಈಗ. ಬಸ್ಸಿಗ್ ಬಂದೆ."

ಹಿರಿಯರು ಕೈ ಇಳಿಸಿದರು. ನನ್ನ ಕಡೆ ನೋಡಿ, "ಇಪ್ಪವ್ರ ಫೋಟೋ ಎಂತಕ್ ಹಾಕಿದ್ದ್ ಅಂದೇಳಿ ನಾನ್ ಆವತ್ತೇ ಕೇಂಡಿದ್ದೆ" ಅಂದು, ಚಪ್ಪಲಿ ಮೆಟ್ಟಿಕೊಂಡು ಹೋದರು. ಉಳಿದವರೂ ತಂತಮ್ಮ ಚಪ್ಪಲಿ ಹುಡುಕಿಕೊಂಡು ಹೋದರು. ಯಜಮಾನರು ಚೀಲ ಹೆಗಲಿಗೇರಿಸಿದರು. ಮನೆಯ ಕಡೆ ನಡೆದರು.

ಮರುದಿನ ಬೆಳಿಗ್ಗೆ ಅವರು ಬರುವ ಮೊದಲೇ ನಾನು ಸ್ಕ್ರೂಡ್ರೈವರ್ ಹಿಡಿದು ಬೋರ್ಡಿನ ಹತ್ತಿರ ನಿಂತಿದ್ದೆ. ಬಿಚ್ಚುವುದೇ ಆದರೆ ನನ್ನ ಕೈಯಿಂದಲೇ ಬಿಚ್ಚುವ ಅಂತ. ಅವರು ಬಂದು ನಿಂತರು.

"ನಿನ್ನೆ ಮನಿಗ್ ಹೋದೆ. ಜಗ್ಲಿ ಮೇಲ್ ಕಾಲಿಡುಕ್ ಜಾಗ ಇಲ್ಲೆ" ಅಂದರು.

ಸತ್ತವರ ಸಾಮಾನು ಮನೆಯಲ್ಲಿಟ್ಟುಕೊಂಡರೆ ಒಳ್ಳೆಯದಾಗದು ಅಂತ ನಮ್ಮ ಊರಿನ ಜನಕ್ಕೆ ಬಲವಾದ ನಂಬಿಕೆ. ಬೀಗ ಹಾಕಿದ ಮನೆಯ ಜಗಲಿಗೆ ಒಬ್ಬೊಬ್ಬರಾಗಿ ಬಂದು, ಯಾರಿಗೂ ಕಾಣದ ಹಾಗೆ ತಂದಿಟ್ಟು ಹೋಗಿದ್ದರು. ನಾಲ್ಕು ಬೆಂಚು, ಹಾರೆ, ಗ್ಯಾಸ್‌ಲೈಟು, ಮತ್ತೆ ಅವರದ್ದೇ ಅಲ್ಲದ ಎರಡು ಕೊಡೆ.

"ಏಣಿ ಬಂದಿತ್ತ್ ಮಾರಾಯ," ಅಂದರು. "ಹನ್ನೊಂದ್ ವರ್ಷ ಆಯ್ತ್ ಅದ್ರ್ ಮುಖ ಕಾಣ್ದೆ."

ಆಮೇಲೆ ಬೋರ್ಡಿನ ಹತ್ತಿರ ಹೋಗಿ ಇನ್ನೊಮ್ಮೆ ಓದಿದರು. ಫೋಟೋದ ಕರಿಹಲಗೆಯ ಮೇಲೆ ಬೆರಳಿಟ್ಟು, "ಇದ್ ಕಾಣೆ ಮೀನ್. ಆ ಮುಂಬಯಿಯವ ಬಂಗುಡೆ ಅಂದೇಳಿ ಬರ್ದಿದ್ದ" ಅಂದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

"ಆ ಸ್ಕ್ರೂಡ್ರೈವರ್ ಒಳ್ಗ್ ಇಡ್. ಪ್ರಯೋಜನ ಇತ್ತ್ ಇದ್ರಿಂದ."

ನನಗೆ ಹೋದ ಜೀವ ಬಂತು. "ಹಾಗಾದರೆ ಈ ಹಾಳೆ ಒಂದು ತೆಗೆದುಬಿಡುತ್ತೇನೆ ಯಜಮಾನ್ರೇ, ನೋಡುವವರಿಗೆ ಅಪಶಕುನ" ಅಂತ ಪಿನ್ನಿಗೆ ಕೈ ಹಾಕಿದೆ.

ಅವರು ನನ್ನ ಕೈ ಹಿಡಿದರು.

"ಇನ್ನ್ ನಾಕ್ ದಿನ ಇರ್ಲಿ," ಅಂದರು. "ಶಿರೂರಿಗ್ ಸುದ್ದಿ ಮುಟ್ಲಿಲ್ಲೆ. ಕೊಪ್ಪರ್ಗಿ ಬರ್ಲಿಲ್ಲೆ."