ಹಿಮದ ಬೆಟ್ಟಕ್ಕೆ ಹೊರಡುವ ಮುಹೂರ್ತ

ಹಿಮಕುಸಿತದ ವಿಷಯದಲ್ಲಿ ಅಮೆರಿಕದ ನಮ್ಮೂರು ಹರ್ನ್‌ಡನ್ನಿನ ಕನ್ನಡಿಗರ ಪೈಕಿ ನನ್ನಷ್ಟು ತಿಳಿದವರಿರಲಿಲ್ಲ. ನಮ್ಮಲ್ಲಿ ಹಿಮ ಕುಸಿಯುವುದು ಕಾರಿನ ಮೇಲಿಂದ ಮಾತ್ರ ಎಂಬುದು ಬೇರೆ ಮಾತು. ಗೆಳೆಯ ನಾಗರಾಜ ತನ್ನ ಐವತ್ತನೆಯ ಹುಟ್ಟುಹಬ್ಬಕ್ಕೆ ಕೊಲರಾಡೋ ಬೆಟ್ಟದ ಮೇಲಿನ ಹೆಪ್ಪುಗಟ್ಟಿದ ಸರೋವರ ನೋಡಲೇಬೇಕೆಂದು ಹಟ ಹಿಡಿದಾಗ, ನಾನು ಎರಡು ವಾರ ಆನ್‌ಲೈನ್ ಪಾಠ ಕೇಳಿ, ನನ್ನನ್ನು ನಾನೇ ಸುರಕ್ಷತಾಧಿಕಾರಿಯಾಗಿ ನೇಮಿಸಿಕೊಂಡೆ.

ಹೋದವರು ಮೂವರು: ನಾನು, ಹೆಂಡತಿ ಶೈಲಾ, ನಾಗರಾಜ. ಕರೆದೊಯ್ಯಬೇಕಿದ್ದ ಗೈಡ್ ಹುಡುಗಿ ಹಿಂದಿನ ಸಂಜೆಯೇ ಹೇಳಿದ್ದಳು: "ಬೆಳಗ್ಗೆ ಏಳಕ್ಕೆ ಹೊರಡೋಣ. ದಾರಿ ಒಂದು ಕಡಿದಾದ ಇಳಿಜಾರಿನ ಕೆಳಗೆ ಹೋಗುತ್ತದೆ. ಬಿಸಿಲಿಗೆ ಹಿಮ ಸಡಿಲವಾಗುವ ಮೊದಲೇ ಹೋಗಿ ಬಂದುಬಿಡಬೇಕು." ನಾನು ಗಂಭೀರವಾಗಿ ತಲೆಯಾಡಿಸಿದೆ. ಪಾಠದಲ್ಲೂ ಹಾಗೇ ಇತ್ತು.

ರೂಮಿಗೆ ಬಂದು ಫೋನಿನಲ್ಲಿ ನಮ್ಮೂರ ದೇವಸ್ಥಾನದ ಕ್ಯಾಲೆಂಡರ್ ನೋಡಿದೆ. ನಾಳೆ ಶನಿವಾರ. ರಾಹುಕಾಲ ಒಂಬತ್ತರಿಂದ ಹತ್ತೂವರೆ. ಹರ್ನ್‌ಡನ್ನಿಗಿಂತ ಇಲ್ಲಿ ಗಡಿಯಾರ ಎರಡು ಗಂಟೆ ಹಿಂದೆ. ಅಂದರೆ ಏಳರಿಂದ ಎಂಟೂವರೆ. ಸರಿಯಾಗಿ ಹೊರಡುವ ಹೊತ್ತು!

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಈ ಬಗ್ಗೆ ಶೈಲಾಳಿಗೆ ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಆದರೆ ತಲೆಯ ಮೇಲೆ ಲಾರಿಗಟ್ಟಲೆ ಹಿಮ ಕೂತಿರುವಾಗ ರಾಹುವನ್ನೂ ಯಾಕೆ ಎದುರು ಹಾಕಿಕೊಳ್ಳಬೇಕು?

ಬೆಳಗ್ಗೆ ಏಳಕ್ಕೆ ಐದು ನಿಮಿಷವಿದ್ದಾಗ ಹೊಟ್ಟೆ ಹಿಡಿದುಕೊಂಡು ಬಾತ್‌ರೂಮ್ ಹೊಕ್ಕು ಚಿಲಕ ಹಾಕಿದೆ.

"ಆಯ್ತೇನಯ್ಯ?" ನಾಗರಾಜ ಬಾಗಿಲು ತಟ್ಟಿದ.

"ಇನ್ನೊಂದ್ ಸ್ವಲ್ಪ."

"ಮುಕ್ಕಾಲು ಗಂಟೆಯಿಂದ ಇನ್ನೊಂದ್ ಸ್ವಲ್ಪನೇ. ನಿನ್ನೆ ಏನ್ ತಿಂದೆ?"

"ನೀನ್ ತಿಂದಿದ್ದೇ."

"ನಂಗೇನೂ ಆಗಿಲ್ವಲ್ಲ!"

ಗೈಡ್ ಪಾಪ, ನೀರಿಗೆ ಬೆರೆಸಿ ಕುಡಿಯುವ ಉಪ್ಪುಸಕ್ಕರೆ ಪುಡಿಯ ಪೊಟ್ಟಣವನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿದಳು. ಹೊತ್ತು ಹೋಗಬೇಕಲ್ಲ, ಅದನ್ನೂ ಕುಡಿದೆ.

ಎಂಟು ಮೂವತ್ತೊಂದಕ್ಕೆ ಪೂರ್ಣ ಆರೋಗ್ಯವಂತನಾಗಿ ಹೊರಬಂದೆ.

ಇಳಿಜಾರಿನ ಹತ್ತಿರ ತಲುಪಿದಾಗ ಹತ್ತು ಗಂಟೆ. ಬಿಸಿಲು ಚುರುಗುಟ್ಟುತ್ತಿತ್ತು. ಮೇಲಿಂದ ಹಿಮದ ಸಣ್ಣ ಸಣ್ಣ ಉಂಡೆಗಳು ಉರುಳಿ ಬರುತ್ತಿದ್ದವು. ಗೈಡ್ ಕೈ ಅಡ್ಡ ಹಿಡಿದಳು. "ಹಿಮ ಸಡಿಲವಾಗಿದೆ. ವಾಪಸ್ ಹೋಗೋಣ. ಒಂದು ಗಂಟೆ ಮುಂಚೆ ಬಂದಿದ್ದರೆ ಹೋಗಬಹುದಿತ್ತು."

ನಾಗರಾಜನ ಮುಖ ನೋಡಲಾಗಲಿಲ್ಲ. ಬಾಯಿ ತಪ್ಪಿ ಅಂದುಬಿಟ್ಟೆ: "ಇದ್ಯಾವ ನ್ಯಾಯ? ರಾಹುಕಾಲ ಕಳೆದ ಮೇಲೇ ಹೊರಟಿದ್ವಲ್ಲ."

ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಯಾವ ರಾಹುಕಾಲ?" ಎಂದಳು ಶೈಲಾ.

ಲೆಕ್ಕ ಒಪ್ಪಿಸಿದೆ.

"ಅಲ್ಲ ರೀ, ಅದು ಆಯಾ ಊರಿನ ಸೂರ್ಯೋದಯದಿಂದ ಲೆಕ್ಕ. ಮೀಟಿಂಗ್ ಥರ ಟೈಮ್ ಝೋನ್ ಕನ್ವರ್ಟ್ ಮಾಡ್ತಾರಾ ಯಾರಾದ್ರೂ? ಇಲ್ಲೂ ಒಂಬತ್ತರಿಂದಾನೇ. ಈಗ ಅದರ ನಟ್ಟನಡುವೆ ನಿಂತಿದೀವಿ. ಏಳಕ್ಕೆ ಹೊರಟಿದ್ರೆ ಬಿಸಿಲೂ ಇರ್ತಿರ್ಲಿಲ್ಲ, ರಾಹುನೂ ಇರ್ತಿರ್ಲಿಲ್ಲ."

"ಐವತ್ತು ವರ್ಷಕ್ಕೊಂದು ಆಸೆ ಇಟ್ಕೊಂಡಿದ್ದೆ ಕಣೋ," ಎಂದ ನಾಗರಾಜ. "ಕಮೋಡ್ ಮೇಲೆ ಕೂತು ಮುಗಿಸಿಬಿಟ್ಯಲ್ಲ."

ಕೆಳಗೆ ಬಂದ ಮೇಲೆ ಗೈಡ್ ಒಂದು ಫಾರ್ಮ್ ತುಂಬಿದಳು. ಅರ್ಧ ದಾರಿಯಿಂದ ಮರಳಿದ ಕಾರಣ: ಬಿಸಿಲು, ಸಡಿಲ ಹಿಮ, ಒಬ್ಬ ಸದಸ್ಯರ ಹೊಟ್ಟೆ. "ಸರಿ ತಾನೇ?" ಎಂದು ಮರುಕದಿಂದ ನನ್ನನ್ನು ಕೇಳಿದಳು. ನಾಗರಾಜ ಇಂಗ್ಲಿಷಿನಲ್ಲಿ ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ನಾನು ಅವಸರವಾಗಿ ಸಹಿ ಹಾಕಿದೆ. ಹೊಟ್ಟೆ ಚೆನ್ನಾಗಿಯೇ ಇತ್ತು. ಕೆಟ್ಟಿದ್ದ ಭಾಗ ಯಾವುದೆಂದು ಬರೆಸುವ ಧೈರ್ಯ ನನಗಾಗಲಿಲ್ಲ.